ಹಿಂದಿನ ಗಾಲಿಯ ಬಾಕಿ ಕೂಲಿ

ಒಂದು ಕೂಲಿ ಬಾಕಿ ಇದೆ. ಹನ್ನೆರಡು ವರ್ಷದ ಹಿಂದೆ ಒಂದು ಗಾಡಿಯ ಹಿಂದಿನ ಗಾಲಿಗೆ ಎರಡು ಬೇರಿಂಗು ಹಾಕಿದ್ದರ ಕೂಲಿ. ದೊಡ್ಡ ಮೊತ್ತವೇನಲ್ಲ. ಆದರೆ ಕೂಲಿ ಕೂಲಿಯೇ. ದುಡಿದವನ ಕೈಗೆ ಬರುವತನಕ ಅದು ಚಿಕ್ಕದೂ ಅಲ್ಲ, ಹಳೆಯದೂ ಅಲ್ಲ. ಯಾರು ಯಾರಿಗೆ ಕೊಡಬೇಕು ಎನ್ನುವುದನ್ನು ಈಗಲೇ ಹೇಳಿಬಿಟ್ಟರೆ ಮೈಕಣ್ಣನ ಮಾನ ಮೊದಲ ಪ್ಯಾರಾದಲ್ಲೇ ಹೋಗುತ್ತದೆ. ಅದು ಹೋಗಬೇಕಾದದ್ದು ನಿಧಾನವಾಗಿ, ಹಂತಹಂತವಾಗಿ.

ಮೈಕಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಾಟಲಿ ಕಾರ್ಖಾನೆಯ ಕಾರ್ಮಿಕ ಸಂಘಕ್ಕೆ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದು, ಮೈಕು ಕೈಗೆ ಸಿಕ್ಕರೆ ಕರೆಂಟು ಹೋಗುವತನಕ ಬಿಡದೆ ಇದ್ದದ್ದಕ್ಕೆ ಜನ ಕೊಟ್ಟ ಬಿರುದು. ಈಗ ಆತ ನಿವೃತ್ತ. ಸಂಘವೂ ಹೆಚ್ಚುಕಡಿಮೆ ನಿವೃತ್ತ. ಮನೆ ನಡೆಯುವುದು ಹೆಂಡತಿಯ ಹೊಲಿಗೆ ಯಂತ್ರದಿಂದ. ಆ ಉದ್ಯಮದಲ್ಲಿ ಮೈಕಣ್ಣ ಸಾಗಾಣಿಕೆ ವಿಭಾಗ. ಅಂದರೆ ಹೆಂಡತಿಯನ್ನೂ ಬಟ್ಟೆಯ ಗಂಟನ್ನೂ ಹಳೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು, ಬರುವುದು, ದಾರಿಯುದ್ದಕ್ಕೂ ಭಾಷಣ ಮಾಡುವುದು.

ಹನ್ನೊಂದು ದಿನದ ಹಿಂದೆ, ಗುರುವಾರ, ಭಾಷಣದ ನಡುವೆ ಹೆಂಡತಿ ಬೆನ್ನು ತಟ್ಟಿದಳು.

"ರೀ, ಹಿಂದಿನ ಗಾಲಿ ನರಳ್ತಿದೆ."

"ಟೈರಿನ ಸದ್ದು ಕಣೇ. ರಸ್ತೆ ಒರಟು."

"ಮೊನ್ನೆ ತಾನೇ ಡಾಂಬರು ಹಾಕಿದ ರಸ್ತೆ ಇದು."

"ಹೊಸದರಲ್ಲಿ ಎಲ್ಲವೂ ಸದ್ದು ಮಾಡುತ್ತೆ, ಆಮೇಲೆ ನಿಲ್ಲುತ್ತೆ."

"ಮದುವೆಯಾದ ಹೊಸದರಲ್ಲಿ ನೀವೂ ಮಾಡ್ತಿದ್ರಿ. ಇನ್ನೂ ನಿಂತಿಲ್ಲವಲ್ಲ."

ಆಕೆಯ ಕಿವಿ ಸಾಮಾನ್ಯದ್ದಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ಹೊರಗಿನ ಕೋಣೆಯ ಯಂತ್ರದ ಸೂಜಿ ಮೊಂಡಾಗಿದೆ ಎಂದು ಹೇಳಬಲ್ಲವಳು. "ಗೇರು ಬದಲಾಯಿಸಿದರೂ ಆ ಗುಂಯ್ ಬದಲಾಗ್ತಿಲ್ಲ, ವೇಗ ಇಳಿಸಿದರೆ ಮಾತ್ರ ಇಳಿಯುತ್ತೆ. ಅಂದಮೇಲೆ ಇಂಜಿನ್ ಅಲ್ಲ, ಗಾಲಿ," ಅಂದಳು.

"ಪರಿಶೀಲಿಸೋಣ," ಅಂದ ಮೈಕಣ್ಣ.

ಕಾರ್ಖಾನೆಯಲ್ಲಿ ದುಡಿದವರಿಗೆ ಈ ಶಬ್ದದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮ್ಯಾನೇಜರ ಬಾಯಿಂದ ಅದು ಬಂದಾಗಲೆಲ್ಲ ಮೈಕಣ್ಣ ಗೇಟಿನ ಮುಂದೆ ನಿಂತು, "ಯಂತ್ರ ಗೊಣಗುವಾಗಲೇ ಕೇಳಿಸಿಕೊಳ್ಳಿ, ನಿಂತ ಮೇಲೆ ಬಂದು ಕೈ ಮುಗಿಯಬೇಡಿ," ಎಂದು ಗುಡುಗಿದವನು. ಈಗ ಬೈಕು ಗೊಣಗಿತು, ಅವನು ಮ್ಯಾನೇಜರನಾದ.

ಆದರೆ ಹೆಂಡತಿ ಬಿಡುವ ಹಾಗಿರಲಿಲ್ಲ. ಊರಿನ ಆಚೆ ತುದಿಯ ನರ್ಸಿಂಗ್ ಹೋಮಿಗೆ ನಲವತ್ತೆರಡು ಬಿಳಿ ಕೋಟು ಹೊಲಿದು ಕೊಡಬೇಕಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಸ್ತ್ರಿ ಮುರಿಯದ ಹಾಗೆ, ಎಣಿಸಿ ಕೊಡಬೇಕು. ಅಲ್ಲಿನ ಮೇಲ್ವಿಚಾರಕಿ ಗಡಿಯಾರದಲ್ಲೇ ಹುಟ್ಟಿದ ಹೆಂಗಸು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಇಡೀ ವರ್ಷದ ಹೊಲಿಗೆ ಇವಳಿಗೆ. ಹತ್ತು ನಿಮಿಷ ತಡವಾದರೂ ಎದುರು ಬೀದಿಯ ರೆಡಿಮೇಡ್ ಅಂಗಡಿಗೆ. ಕಿಕ್ಕಿರಿದ ಬಸ್ಸಿನಲ್ಲಿ ಒಯ್ದರೆ ಕೋಟುಗಳು ಹಿಂಡಿದ ಬಟ್ಟೆಯಾಗುತ್ತವೆ. ಬೈಕೇ ಗತಿ.

"ಅರ್ಧಶಟರ್ ಅಣ್ಣನ ಹತ್ತಿರ ತೋರಿಸಿಕೊಂಡು ಬನ್ನಿ," ಅಂದಳು.

ಮೈಕಣ್ಣನ ಮುಖ ಕಲ್ಲಾಯಿತು. "ಆ ಹೆಸರು ಈ ಮನೆಯಲ್ಲಿ ಎತ್ತಬೇಡ."

ಅರ್ಧಶಟರ್ ಎಂದರೆ ಎರಡು ಬೀದಿ ಆಚೆಯ ಬೈಕ್ ಮೆಕ್ಯಾನಿಕ್ಕು. ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಯ ಮುಷ್ಕರಕ್ಕೆ ಬೆಂಬಲವಾಗಿ ಇಡೀ ಪೇಟೆ ಬಾಗಿಲು ಹಾಕಿದ ದಿನ, ಇವನೊಬ್ಬನ ಶಟರು ಮಾತ್ರ ಅರ್ಧ ಎದ್ದಿತ್ತು. ಒಳಗೆ ಸಾಮಾನಿನ ಸದ್ದು. ಮೆರವಣಿಗೆಯ ಮುಂದೆ ಮೈಕಿನ ಗಾಡಿಯ ಮೇಲೆ ನಿಂತಿದ್ದ ಮೈಕಣ್ಣ ಅಲ್ಲೇ ಗಾಡಿ ನಿಲ್ಲಿಸಿ, ಅವನಿಗೆ ಆ ಹೆಸರಿಟ್ಟು, ಕಾಲು ಗಂಟೆ ಉಗಿದು, ಬಹಿಷ್ಕಾರದ ಠರಾವನ್ನೂ ಅಲ್ಲೇ ಮಂಡಿಸಿದ. ಇನ್ನೂರು ಕೈ ಎದ್ದವು. ಆ ಠರಾವನ್ನು ರದ್ದು ಮಾಡಲು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಉಳಿದವರೆಲ್ಲ ತಿಂಗಳೊಳಗೆ ಅದೇ ಅಂಗಡಿಗೆ ಹೋಗತೊಡಗಿದರು. ಮೈಕಣ್ಣ ಮಾತ್ರ ಹನ್ನೆರಡು ವರ್ಷ ಆ ಬೀದಿಯಲ್ಲಿ ಎದುರುಬದಿಯ ಪಾದಚಾರಿ ದಾರಿ ಬಿಟ್ಟು ಈಚೆ ಕಾಲಿಡಲಿಲ್ಲ.

"ಒಂದು ಬೇರಿಂಗು ಬದಲಾಯಿಸೋಕೆ ಮೆಕ್ಯಾನಿಕ್ ಯಾಕೆ ಬೇಕು?" ಎಂದು ಶನಿವಾರ ಬೆಳಿಗ್ಗೆ ತೋಳು ಮಡಿಸಿದ. "ಇಪ್ಪತ್ತು ವರ್ಷ ಮ್ಯಾನೇಜ್‌ಮೆಂಟನ್ನೇ ಅಲ್ಲಾಡಿಸಿದ ಕೈ ಇದು. ಒಂದು ಗಾಲಿ ಯಾವ ಲೆಕ್ಕ?"

"ಮ್ಯಾನೇಜ್‌ಮೆಂಟು ಇನ್ನೂ ಅಲ್ಲೇ ಇದೆಯಲ್ಲೋ ಮಗನೇ," ಎಂದಳು ಕಿಟಕಿಯ ಪಕ್ಕ ಕೂತಿದ್ದ ತಾಯಿ.

ಅಂಗಳದಲ್ಲಿ ಬೈಕಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿಯ ಮೇಲ್ತುದಿಗೊಂದು ಕೈ, ಕೆಳತುದಿಗೊಂದು ಕೈ ಕೊಟ್ಟು ಅಡ್ಡಡ್ಡ ಅಲ್ಲಾಡಿಸಿದ. ಕಟ್ ಕಟ್ ಎಂದಿತು. ಒಳ್ಳೆಯ ಗಾಲಿ ಹಾಗೆ ಅನ್ನುವುದಿಲ್ಲ, ಬಂಡೆಯ ಹಾಗೆ ಕೂತಿರುತ್ತದೆ. ಕೈಯಲ್ಲಿ ತಿರುಗಿಸಿದ. ಒಳಗೆ ಯಾರೋ ಮರಳು ಅಗಿಯುತ್ತಿರುವಂಥ ಸದ್ದು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸದ್ದು ಕೇಳಿಸಿಕೊಂಡು, ಬೇರಿಂಗಿನ ದುಡ್ಡು ತಂದು ಅವನ ಕೈಗಿಟ್ಟಳು.

ಬಿಡಿಭಾಗದ ಅಂಗಡಿಯವನು ಒಳ್ಳೆಯ ಮನುಷ್ಯ. ಬೇರಿಂಗು ಕೊಡುವುದರ ಜೊತೆಗೆ ಬುದ್ಧಿಯನ್ನೂ ಪುಕ್ಕಟೆ ಕೊಡುತ್ತಿದ್ದ. "ಒಂದೇ ಬದಲಾಯಿಸಬೇಡಿ ಅಣ್ಣ, ಒಂದು ಹೋದರೆ ಇನ್ನೊಂದು ಅದರ ಹಿಂದೆಯೇ ಹೊರಟಿರುತ್ತೆ. ಎರಡೂ ಹಾಕಿ, ಸೀಲೂ ಹೊಸದು ಹಾಕಿ. ಹೋದ ಸಲ ಟೈರ್ ಬದಲಾಯಿಸಿದಾಗ ಒಳಗೆ ಬೆರಳು ಹಾಕಿ ತಿರುಗಿಸಿ ನೋಡಿದ್ರಾ? ಗಾಲಿ ಕೆಳಗಿಳಿದಾಗಲೆಲ್ಲ ನೋಡಬೇಕು. ಆಮೇಲೆ, ಪೈಪಿನ ನೀರನ್ನು ಜೋರಾಗಿ ಗಾಲಿಯ ನಡುವಿಗೇ ಬಿಟ್ಟು ತೊಳೀತೀರಿ ಅಲ್ವಾ?"

ಮೈಕಣ್ಣ ಪ್ರತಿ ಭಾನುವಾರ ಹಾಗೆಯೇ ತೊಳೆಯುತ್ತಿದ್ದ. "ಶುಚಿತ್ವ ತಪ್ಪಾ?" ಅಂದ.

"ತಪ್ಪಲ್ಲ, ಆ ನೀರು ಗ್ರೀಸನ್ನೂ ಶುಚಿ ಮಾಡಿಬಿಡುತ್ತೆ. ಇರಲಿ. ಹೊಸದನ್ನ ರಾತ್ರಿ ಫ್ರೀಜರಿನಲ್ಲಿಟ್ಟು, ಹಾಕೋ ಮೊದಲು ಗಾಲಿಯ ನಡುಭಾಗ ಸ್ವಲ್ಪ ಬಿಸಿ ಮಾಡಿ, ಸಲೀಸಾಗಿ ಕೂರುತ್ತೆ. ಹೊಡೆದರೆ ಹೊರಗಿನ ಬಳೆಗೆ ಮಾತ್ರ ಹೊಡೀಬೇಕು, ಒಳಗಿನದಕ್ಕೆ ಬೀಳಬಾರದು. ಇನ್ನೊಂದು, ಎರಡು ಬೇರಿಂಗಿನ ನಡುವೆ ಒಂದು ಪೈಪ್ ಇರುತ್ತೆ, ಅದನ್ನ..."

"ಗೊತ್ತು ಬಿಡಪ್ಪ," ಎಂದು ಮೈಕಣ್ಣ ಎದ್ದ. ಜೀವಮಾನವಿಡೀ ಮಾತಾಡಿದವನಿಗೆ ಇನ್ನೊಬ್ಬರ ಮಾತು ಮುಗಿಯುವತನಕ ಕೂರುವುದು ದೊಡ್ಡ ಶಿಕ್ಷೆ.

ಹೊಸ ಬೇರಿಂಗು ಫ್ರೀಜರು ಸೇರಿದವು. ಗಾಲಿ ಬಿಚ್ಚಿ, ಸರಳು ತೂರಿಸಿ, ಸುತ್ತಿಗೆಯಲ್ಲಿ ಹಳೆಯದನ್ನು ಬಡಿದ. ಮೊದಲನೆಯದು ಹೊರಗೆ ಬಿತ್ತು. ಅದರ ಹಿಂದೆ ಬೆರಳುದ್ದದ ಒಂದು ಕಬ್ಬಿಣದ ಪೈಪು ಜಾರಿ, ಅಂಗಳದಲ್ಲಿ ಉರುಳಿಕೊಂಡು ಹೋಯಿತು. ಅದು ಉರುಳುತ್ತಿರುವಾಗ ಮೈಕಣ್ಣ ಹಳೆಯ ಬೇರಿಂಗನ್ನು ಎತ್ತಿ ಹಿಡಿದು, ತುಕ್ಕು ಹಿಡಿದ ಗುಂಡುಗಳನ್ನು ತಾಯಿಗೆ ತೋರಿಸುತ್ತಿದ್ದ. "ನೋಡಮ್ಮ, ಜೀವಮಾನವಿಡೀ ಭಾರ ಹೊತ್ತು ಸವೆದುಹೋದ ಜೀವ. ಕಾರ್ಮಿಕನ ಹಣೆಬರಹವೇ ಇದು."

"ಎಣ್ಣೆ ಕಾಣದೆ ಸತ್ತಿದೆ ಅದು. ಮಾಲೀಕ ನೀನೇ," ಎಂದಳು ತಾಯಿ.

ಭಾನುವಾರ ಬೆಳಿಗ್ಗೆ ಹೆಂಡತಿ ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಗಾಲಿಯ ನಡುಭಾಗವನ್ನು ಬಿಸಿ ಮಾಡಬೇಕಿತ್ತು. ಮೈಕಣ್ಣ ಮನೆಯೆಲ್ಲ ಕಣ್ಣಾಡಿಸಿದ. ಮನೆಯಲ್ಲಿ ಬಿಸಿಯಾಗುವಂಥದ್ದು, ಭಾರವಿರುವಂಥದ್ದು, ಚಪ್ಪಟೆ ತಳ ಇರುವಂಥದ್ದು ಒಂದೇ ಇತ್ತು. ಹೆಂಡತಿಯ ಇಸ್ತ್ರಿ ಪೆಟ್ಟಿಗೆ. ಅದನ್ನು ಗಾಲಿಯ ಮೇಲೆ ಹತ್ತು ನಿಮಿಷ ಇಟ್ಟ. ಗಾಲಿ ಬಿಸಿಯಾಯಿತು, ಫ್ರೀಜರಿನ ಬೇರಿಂಗು ಅರ್ಧ ತಾನಾಗಿಯೇ ಇಳಿಯಿತು, ಉಳಿದರ್ಧವನ್ನು ಸುತ್ತಿಗೆ ಇಳಿಸಿತು. ಸುತ್ತಿಗೆ ಒಳಗಿನ ಬಳೆಗೆ ಬಿತ್ತೋ ಹೊರಗಿನದಕ್ಕೋ ಎಂದು ಸುತ್ತಿಗೆಯನ್ನೇ ಕೇಳಬೇಕು. ಇಸ್ತ್ರಿ ಪೆಟ್ಟಿಗೆಯ ತಳವನ್ನು ತನ್ನ ಬನಿಯನ್ನಿನಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟ.

ಗಾಲಿ ಕೂರಿಸಿ ನಟ್ಟು ಬಿಗಿ ಮಾಡಿದ. ಗಾಲಿ ತಿರುಗಲಿಲ್ಲ. ಒದ್ದ. ಆಗಲೂ ತಿರುಗಲಿಲ್ಲ.

ಗುಂಡಿ ತಂದ ಹೆಂಡತಿ ಒಂದು ಗಳಿಗೆ ನಿಂತು ನೋಡಿದಳು. "ಬ್ರೇಕ್ ಹಾಕಿದ್ದೀರಾ?"

"ಇಲ್ಲ. ಹೊಸದಲ್ವಾ, ಬಿಗಿ ಇರುತ್ತೆ. ನಟ್ಟು ಸ್ವಲ್ಪ ಸಡಿಲ ಬಿಟ್ಟರೆ ಆಯ್ತು."

ಸಡಿಲ ಬಿಟ್ಟ. ತಿರುಗಿತು. ತಿರುಗಿತು ಅನ್ನುವುದಕ್ಕಿಂತ ತೂರಾಡಿತು. ಬೀದಿಯ ಮೂಲೆಯತನಕ ಓಡಿಸಿಕೊಂಡು ಹೋದ ಮೈಕಣ್ಣ, ಹಿಂದಿನ ಗಾಲಿ ಎಡಕ್ಕೂ ತಾನು ಬಲಕ್ಕೂ ಹೋಗುತ್ತಿರುವುದನ್ನು ಗಮನಿಸಿ ಇಳಿದ. ಬೈಕನ್ನು ತಳ್ಳಿಕೊಂಡು ಬರುವಾಗ ಎದುರಾದ ಪಕ್ಕದ ಮನೆಯ ಪೋಸ್ಟ್‌ಮ್ಯಾನ್, "ಏನಣ್ಣ, ಪಾದಯಾತ್ರೆಯಾ?" ಎಂದು ಕೇಳಿದ.

"ವ್ಯಾಯಾಮ," ಅಂದ ಮೈಕಣ್ಣ.

ಮಧ್ಯಾಹ್ನ ಹೊರಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ನಲವತ್ತೆರಡೂ ಮುಗಿದಿದ್ದವು. ಹೆಂಡತಿ ಇಸ್ತ್ರಿಗೆ ಕೂತಳು.

"ರೀ, ಇಲ್ಲಿ ಬನ್ನಿ."

ಜೋರಾಗಿ ಕರೆದಿರಲಿಲ್ಲ. ಅದಕ್ಕೇ ಮೈಕಣ್ಣ ಎದ್ದು ಓಡಿ ಬಂದ. ಮೇಜಿನ ಮೇಲೆ ಹಾಲಿನಂಥ ಬಿಳಿ ಕೋಟು. ಅದರ ಎದೆಯ ಜೇಬಿನ ಕೆಳಗೆ, ಅಚ್ಚು ಒತ್ತಿದ ಹಾಗೆ, ಒಂದು ಕಪ್ಪು ಬಳೆ.

"ಇದೇನು?"

"ಗ್ರೀಸ್."

"ಗ್ರೀಸು ನನ್ನ ಇಸ್ತ್ರಿ ಪೆಟ್ಟಿಗೆಗೆ ಎಲ್ಲಿಂದ ಬಂತು?"

ಮ್ಯಾನೇಜರು, ಪೊಲೀಸು, ಕಾರ್ಮಿಕ ಇಲಾಖೆಯ ಅಧಿಕಾರಿ, ಯಾರ ಮುಂದೆಯೂ ತಡವರಿಸದ ಮೈಕಣ್ಣ ಬಿಡಿಬಿಡಿಯಾಗಿ ಒಪ್ಪಿಕೊಂಡ. ಹೆಂಡತಿ ಕೂಗಾಡಲಿಲ್ಲ. ಆ ಕೋಟನ್ನು ಮಡಿಸಿ ಬದಿಗಿಟ್ಟಳು. ಉಳಿದ ಬಟ್ಟೆಯನ್ನು ಅಳೆದಳು. ಒಂದೇ ಒಂದು ಕೋಟಿಗೆ ಆಗುವಷ್ಟಿತ್ತು.

"ಇದನ್ನ ನಾನು ಮತ್ತೆ ಹೊಲೀತೀನಿ. ಪೆಟ್ಟಿಗೆಯ ತಳ ನೀವು ಉಜ್ಜಿ, ನಿಮ್ಮ ಮುಖ ಅದರಲ್ಲಿ ಕಾಣೋ ತನಕ. ನಾಳೆ ಏಳು ಗಂಟೆಗೆ ಗಾಲಿ ಅರ್ಧಶಟರ್ ಅಣ್ಣನ ಅಂಗಡಿಯಲ್ಲಿರಬೇಕು."

"ಬಹಿಷ್ಕಾರ ಇದೆಯಲ್ಲೇ."

"ನನ್ನನ್ನ ಕೇಳಿ ಹಾಕಿದ್ರಾ?"

"ಸಂಘದ ತೀರ್ಮಾನ ಅದು."

"ಇಪ್ಪತ್ತು ವರ್ಷ ನಿಮ್ಮ ಸಂಘಕ್ಕೆ ಬಾವುಟ ಹೊಲಿದೆ, ಬ್ಯಾನರ್ ಹೊಲಿದೆ, ತೋಳಿಗೆ ಕಟ್ಟೋ ಕಪ್ಪು ಪಟ್ಟಿ ಹೊಲಿದೆ. ನನಗೆ ಮೆಂಬರ್ ಚೀಟಿ ಕೊಟ್ರಾ? ಕೊಟ್ಟಿಲ್ಲ. ಹಾಗಾದ್ರೆ ನಿಮ್ಮ ಠರಾವು ನನಗೆ ಲಾಗೂ ಇಲ್ಲ."

ಮೈಕಣ್ಣ ಪೆಟ್ಟಿಗೆ ಎತ್ತಿಕೊಂಡು ಅದರ ತಳ ಉಜ್ಜತೊಡಗಿದ.

ಸೋಮವಾರ ಏಳು ಗಂಟೆಗೆ ಗಾಲಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಆ ಬೀದಿಗೆ ಬಂದ ಮೈಕಣ್ಣ, ಎದುರುಬದಿಯ ಪಾದಚಾರಿ ದಾರಿಯ ಅಂಚಿನಲ್ಲಿ ನಿಂತುಬಿಟ್ಟ. ಕಾಲು ಮುಂದಕ್ಕೆ ಹೋಗಲಿಲ್ಲ. ಹೆಂಡತಿ ಅವನ ಹೆಗಲಿನಿಂದ ಗಾಲಿ ಇಳಿಸಿಕೊಂಡು, ಉರುಳಿಸಿಕೊಂಡೇ ರಸ್ತೆ ದಾಟಿದಳು.

ಅರ್ಧಶಟರ್ ಗಾಲಿಯನ್ನು ಮಲಗಿಸಿ ಒಳಗೆ ಬೆರಳು ಹಾಕಿದ. ತಿರುಗಿಸಿದ. ಬಗ್ಗಿ ನೋಡಿದ. "ಅಕ್ಕ, ನಿನ್ನೆ ಹಾಕಿದ ಬೇರಿಂಗು ಇವತ್ತೇ ಸತ್ತಿವೆ. ಒಳಗಿನ ಬಳೆಗೇ ಹೊಡೆದಿದ್ದಾರೆ. ಅದಿರಲಿ, ನಡುವಿನ ಪೈಪೆಲ್ಲಿ? ಅದಿಲ್ಲದೆ ನಟ್ಟು ಬಿಗಿ ಮಾಡಿದರೆ ಎರಡು ಬೇರಿಂಗೂ ಒಂದನ್ನೊಂದು ಹಿಸುಕಿಕೊಳ್ಳುತ್ತವೆ. ಗಾಲಿ ತಿರುಗೋದಾದರೂ ಹೇಗೆ?"

ಹೆಂಡತಿ ರಸ್ತೆಯ ಆಚೆಗೆ ಕೂಗಿದಳು. "ರೀ, ಪೈಪಂತೆ. ನಡುವಿನ ಪೈಪು."

ಬಿಡಿಭಾಗದವನ ಅರ್ಧ ಮಾತು ಮೈಕಣ್ಣನ ತಲೆಯಲ್ಲಿ ಎರಡು ದಿನ ತಡವಾಗಿ ಪೂರ್ತಿಯಾಯಿತು. ಮನೆಗೆ ಓಡಿದ. ಅಂಗಳ ಹುಡುಕಿದ, ಚರಂಡಿ ಹುಡುಕಿದ, ಗುಡಿಸಿದ ಕಸ ಕೆದಕಿದ. ಕೊನೆಗೆ ತಲೆಯೆತ್ತಿದರೆ ಪೈಪು ತಾಯಿಯ ಕಿಟಕಿಯಲ್ಲಿತ್ತು. ಕೊಂಡಿ ಮುರಿದು ಮೂರು ವರ್ಷದಿಂದ ಪಟಪಟ ಬಡಿದುಕೊಳ್ಳುತ್ತಿದ್ದ ಕಿಟಕಿ. ಉಳಿದಿದ್ದ ಮೊಳೆಗೆ ಪೈಪು ತೂರಿಸಿ, ಬಾಗಿಲು ಅಲ್ಲಾಡದ ಹಾಗೆ ತಾಯಿ ತಡೆ ಕೊಟ್ಟಿದ್ದಳು.

"ಅಮ್ಮ, ಅದು ಕೊಡು."

"ಯಾವುದು? ಈ ಗಾಡಿಯಿಂದ ಈ ಮನೆಗೆ ಆದ ಉಪಯೋಗ ಇದೊಂದೇ. ಎರಡು ದಿನದಿಂದ ನಿದ್ದೆ ಬಂದಿದೆ ನನಗೆ."

"ಹತ್ತು ಗಂಟೆಗೆ ಕೋಟು ತಲುಪಬೇಕಮ್ಮ. ಸಂಜೆ ಹೊಸ ಕೊಂಡಿ ಹಾಕಿಸ್ತೀನಿ."

"ಮೂರು ವರ್ಷದಿಂದ ಸಂಜೆ ಹಾಕಿಸ್ತಿದ್ದೀಯ. ಬರೆದು ಕೊಡು."

"ಅಮ್ಮ..."

"ನೀನೇ ಹೇಳ್ತಿದ್ದೆಯಲ್ಲ, ಬಾಯಿಮಾತಿನ ಭರವಸೆ ನಂಬಿ ಗೇಟು ಬಿಟ್ಟು ಏಳಬೇಡಿ ಅಂತ. ನಾನು ಏಳಲ್ಲ."

ಕ್ಯಾಲೆಂಡರಿನ ಹಾಳೆ ಹರಿದು, ಇಂದು ಸಂಜೆ ಆರರ ಒಳಗೆ ಕೊಂಡಿ ಹಾಕಿಸಿಕೊಡುವುದಾಗಿ ಬರೆದು ಸಹಿ ಮಾಡಿದ. ತಾಯಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿ, ತಾರೀಕು ಬರೆಯಿಸಿ, ದಿಂಬಿನ ಕೆಳಗಿಟ್ಟ ಮೇಲೆ ಪೈಪು ಕೈಗೆ ಬಂತು. ತನ್ನ ಜೀವನದಲ್ಲಿ ಇಷ್ಟು ಬೇಗ ಇಷ್ಟು ಸಂಪೂರ್ಣವಾಗಿ ಗೆದ್ದ ಹೋರಾಟವನ್ನು ಮೈಕಣ್ಣ ನೋಡಿರಲಿಲ್ಲ. ಗೆದ್ದವನು ತಾನಲ್ಲ, ಅಷ್ಟೇ.

ಪೈಪು ಹಿಡಿದು ಓಡಿ ಬಂದು ಮತ್ತೆ ಅದೇ ಅಂಚಿನಲ್ಲಿ ನಿಂತ. ಎಂಟೂವರೆ. ಹೆಂಡತಿ ಇಷ್ಟರಲ್ಲಿ ಹೋಗಿ ಹೊಸ ಬೇರಿಂಗು ತಂದುಕೊಟ್ಟು, ಕೋಟುಗಳನ್ನು ಗಂಟು ಕಟ್ಟಲು ಮನೆಗೆ ಹೋಗಿದ್ದಳು. ಪೈಪನ್ನು ಎಸೆಯೋಣವೆಂದರೆ ನಡುವೆ ವಾಹನಗಳು. ಅರ್ಧಶಟರ್ ಸ್ಟೂಲಿನ ಮೇಲೆ ಕೂತು, ಅವನನ್ನೇ ನೋಡುತ್ತ, ನಿಧಾನವಾಗಿ ಕೈ ಒರೆಸಿಕೊಳ್ಳುತ್ತಿದ್ದ.

ಮೈಕಣ್ಣ ರಸ್ತೆ ದಾಟಿದ. ಹನ್ನೆರಡು ವರ್ಷದ ಠರಾವು ಹದಿನೆಂಟು ಹೆಜ್ಜೆಯಲ್ಲಿ ಮುಗಿಯಿತು.

"ಬನ್ನಿ ಕಾರ್ಯದರ್ಶಿಗಳೇ," ಅಂದ ಅರ್ಧಶಟರ್. ಪೈಪು ಇಸಿದುಕೊಂಡ. ಗಾಲಿಯ ಒಳಗೆ ಒರೆಸಿದ, ಒಂದು ಬೇರಿಂಗಿಟ್ಟು ಅದರ ಹೊರಬಳೆಯಷ್ಟೇ ಅಗಲದ ಸಾಕೆಟ್ ಮೇಲಿಟ್ಟು ನಾಲ್ಕು ಪೆಟ್ಟು ಹಾಕಿದ. ತಿರುಗಿಸಿ ಪೈಪು ಇಳಿಸಿದ. ಇನ್ನೊಂದು ಬೇರಿಂಗು, ಇನ್ನೂ ನಾಲ್ಕು ಪೆಟ್ಟು, ಸೀಲು. ಮೈಕಣ್ಣ ಎರಡು ದಿನ ಯುದ್ಧ ಮಾಡಿದ್ದು ಅಲ್ಲಿ ಇಪ್ಪತ್ತು ನಿಮಿಷದ ಕೆಲಸ.

"ಕೂಲಿ ಎಷ್ಟಾಯ್ತು?" ಎಂದು ಮೈಕಣ್ಣ ಗತ್ತಿನಿಂದಲೇ ಜೇಬಿಗೆ ಕೈ ಹಾಕಿದ. ಅಂಗಡಿಯವನು ಹೇಳಿದ. ಇವನು ಕೊಟ್ಟ. "ಬಾಕಿ ಇಟ್ಟುಕೊಳ್ಳೋ ಜಾತಿಯಲ್ಲ ನಾನು. ದುಡಿದವನ ಬೆವರು ಆರೋ ಮೊದಲು ಕೂಲಿ ಕೈಗೆ ಬರಬೇಕು ಅನ್ನೋನು."

"ಹಾಗಾದ್ರೆ ಇದನ್ನೂ ನೋಡಿಬಿಡಿ," ಎಂದು ಅರ್ಧಶಟರ್ ಗೋಡೆಯ ಮೊಳೆಗೆ ಚುಚ್ಚಿದ್ದ ಹಳೇ ಚೀಟಿಗಳ ಕಂತೆಯಲ್ಲಿ ಎಲ್ಲಕ್ಕಿಂತ ಒಳಗಿನದನ್ನು ಎಳೆದ. ಹಳದಿಯಾಗಿತ್ತು, ಆದರೆ ಅಕ್ಷರ ಇತ್ತು. ಮೈಕಿನ ಗಾಡಿ. ಹಿಂದಿನ ಗಾಲಿ. ಬೇರಿಂಗ್ ಎರಡು, ಕೂಲಿ ಸಮೇತ. ಕೆಳಗೆ, ಸಂಘದ ಪರವಾಗಿ, ಸಹಿ. ಮುಷ್ಕರದ ದಿನದ ತಾರೀಕು.

ಸಹಿ ಮೈಕಣ್ಣನದೇ. ಆ ಬೆಳಿಗ್ಗೆ ಅವನು ನಿಂತಲ್ಲೇ ನೂರು ಚೀಟಿಗೆ ಸಹಿ ಹಾಕಿದ್ದ. ಒಂದನ್ನೂ ಓದಿರಲಿಲ್ಲ.

"ನಿಮ್ಮ ಮೈಕಿನ ಗಾಡಿ ಬೆಳಿಗ್ಗೆ ಇಲ್ಲೇ ಮುಂದೆ ನಿಂತುಹೋಯ್ತು. ಹಿಂದಿನ ಗಾಲಿ ಬೇರಿಂಗು ಪುಡಿ," ಅಂದ ಅರ್ಧಶಟರ್. "ನಿಮ್ಮ ಹುಡುಗರು ಕೈ ಮುಗಿದ್ರು. ಪೂರ್ತಿ ಶಟರ್ ಎತ್ತಿದರೆ ಮುಷ್ಕರ ಮುರಿದ ಹಾಗೆ, ಎತ್ತದೆ ಇದ್ದರೆ ಗಾಡಿ ಇಲ್ಲ. ಅರ್ಧ ಎತ್ತಿದೆ. ಹಾಕಿಕೊಟ್ಟೆ. ನಾನು ಸಾಮಾನು ಎತ್ತಿಡ್ತಾ ಇದ್ದಾಗ ನೀವು ಬಂದ್ರಿ. ನನ್ನನ್ನ ಬೈಯೋಕೆ ನೀವು ಬಂದದ್ದೇ ನಾನು ಹಾಕಿದ ಬೇರಿಂಗಿನ ಮೇಲೆ."

ಮೈಕಣ್ಣ ಸ್ಟೂಲಿನ ಮೇಲೆ ಕೂತ. "ಹನ್ನೆರಡು ವರ್ಷ ಯಾಕಪ್ಪ ಕೇಳಲಿಲ್ಲ?"

"ಕೇಳೋಣ ಅಂದ್ರೆ ನೀವು ಈ ಕಡೆ ಬರಲೇ ಇಲ್ಲ. ಬಹಿಷ್ಕಾರ ಇತ್ತಲ್ಲ."

ಮೈಕಣ್ಣ ಮತ್ತೆ ಜೇಬಿಗೆ ಕೈ ಹಾಕಿದ. ಅರ್ಧಶಟರ್ ಕೈ ಅಡ್ಡ ಹಿಡಿದ. "ನಿಮ್ಮ ದುಡ್ಡು ಬೇಡ. ಇದು ಸಂಘದ ಬಾಕಿ. ಬಹಿಷ್ಕಾರವೂ ಇನ್ನೂರು ಜನ ಕೈ ಎತ್ತಿ ಹಾಕಿದ್ದು. ಸಂಘವೇ ಠರಾವು ಮಾಡಿ ತೆಗೀಲಿ, ಸಂಘವೇ ಕೊಡಲಿ. ಬೈದದ್ದು ಮೈಕಿನಲ್ಲಿ. ಅದೂ ಮೈಕಿನಲ್ಲೇ ಆಗಲಿ."

ಹತ್ತಕ್ಕೆ ಎರಡು ನಿಮಿಷ ಇರುವಾಗ ಬೈಕು ನರ್ಸಿಂಗ್ ಹೋಮಿನ ಮುಂದೆ ನಿಂತಿತು. ಮೇಲ್ವಿಚಾರಕಿ ನಲವತ್ತೆರಡನ್ನೂ ಎಣಿಸಿ, ಕಾಲರು ತಿರುಗಿಸಿ, ಗಡಿಯಾರ ನೋಡಿ, ವರ್ಷದ ಕರಾರಿನ ಕಾಗದ ಮುಂದಿಟ್ಟಳು. ಹೆಂಡತಿ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನತನಕ ಓದಿ ಸಹಿ ಹಾಕಿದಳು. ಮೈಕಣ್ಣ ಅದನ್ನು ಗಮನಿಸಿದ.

ವಾಪಸು ಬರುವಾಗ ಅವನು ಭಾಷಣ ಮಾಡಲಿಲ್ಲ. ಗಾಲಿಯೂ ಮಾತಾಡಲಿಲ್ಲ.

"ರೀ, ಟೈರಿನ ಸದ್ದು ಎಲ್ಲಿ ಹೋಯ್ತು?" ಅಂದಳು ಹಿಂದಿನಿಂದ.

"ಡಾಂಬರು ಹಳೇದಾಯ್ತು," ಅಂದ.

ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ಕಿಟಕಿಗೆ ಕೊಂಡಿ ಬಂತು. ತಾಯಿ ಚೀಟಿ ಹಿಂದಕ್ಕೆ ಕೊಟ್ಟಳು. ಆದರೆ ಮೊದಲು ಹೇಳಿದ ಕೂಲಿ ಇನ್ನೂ ಬಾಕಿಯೇ ಇದೆ. ಮೈಕಣ್ಣ ನಿನ್ನೆ ಭಾನುವಾರ ಸಂಘದ ಸಭೆ ಕರೆದಿದ್ದ. ಠರಾವಿಗೆ ಹನ್ನೊಂದು ಜನ ಬೇಕು. ಬಂದವರು ಏಳು, ಅದರಲ್ಲಿ ಇಬ್ಬರು ಕಾಫಿಗೆ.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಮತ್ತೆ ಸಭೆ, ಅರ್ಧಶಟರನ ಅಂಗಡಿಯ ಮುಂದೆಯೇ. ಮೈಕು ಇರುತ್ತದೆ. ಆ ದಿನ ಏನೆಂದು ಕೇಳದೆ ಎದ್ದ ಇನ್ನೂರು ಕೈಗಳಲ್ಲಿ ನಿಮ್ಮದೂ ಒಂದಿದ್ದರೆ, ಅದನ್ನು ಜೇಬಿನಲ್ಲಿ ಅಡಗಿಸಿಕೊಂಡು ಕೂರಬೇಡಿ. ಬಂದು ಎತ್ತಿ. ನಿಮ್ಮ ಪಾಲು ತನ್ನಿ. ಬೈಕಿನಲ್ಲಿ ಬರುವವರು ಹೊರಡುವ ಮೊದಲು ಡಬಲ್ ಸ್ಟ್ಯಾಂಡ್ ಹಾಕಿ, ಗಾಲಿಯ ಮೇಲೆ ಕೆಳಗೆ ಕೈ ಕೊಟ್ಟು ಒಮ್ಮೆ ಅಲ್ಲಾಡಿಸಿ ನೋಡಿ. ಕಟ್ ಎಂದರೆ ಏರಬೇಡಿ, ತಳ್ಳಿಕೊಂಡು ಬನ್ನಿ. ಬರುವುದು ಹೇಗೂ ಅವನ ಅಂಗಡಿಗೇ. ಕೂಲಿ ಮಾತ್ರ ಮುಂಗಡ ಕೊಡಿ.